ಹಳ್ಳವೆಂದರೆ ಗುಂಡಿ

ಗದಗ ಸೀಮೆಯ ಒಂದೂರು. ಅಲ್ಲಿ ತೊರೆಗೆ ಹಳ್ಳ ಎನ್ನುತ್ತಾರೆ. ಬಣ್ಣದ ಕಾರ್ಖಾನೆಯವರು ಹೊಲಸನ್ನು ಆ ಹಳ್ಳಕ್ಕೆ ಬಿಟ್ಟ ಮೇಲೆ, ಮಡಿವಾಳರ ಫಕೀರವ್ವ ಒಗೆದ ಬಿಳಿ ಧೋತರಗಳೆಲ್ಲ ನೀಲಿಯಾದವು. ಊರವರು ಬಟ್ಟೆ ಕೊಡುವುದನ್ನೇ ಬಿಟ್ಟರು. ಅವಳು ಕೋರ್ಟಿಗೆ ಹೋದಳು.

ಕಾರ್ಖಾನೆಯ ವಕೀಲರು ಕೋಟು ಕೊಡವಿ ಎದ್ದರು. "ಸ್ವಾಮಿ, ಕೇಂದ್ರದ ಜಲಮಾಲಿನ್ಯ ಕಾಯ್ದೆ ಹರಿಯುವ ನೀರಿಗೆ ಮಾತ್ರ. ನಮ್ಮ ಮೈಸೂರು ಕಡೆ ಹಳ್ಳ ಎಂದರೆ ಗುಂಡಿ. ಗುಂಡಿಗೆಲ್ಲಿಯ ಕಾಯ್ದೆ?"

"ನೀನೇನಂತೀಯಮ್ಮ?" ಎಂದರು ನ್ಯಾಯಾಧೀಶರು.

ಫಕೀರವ್ವ ಸೆರಗು ಸರಿಮಾಡಿಕೊಂಡಳು. "ಸಾಹೇಬ್ರು ಓದಿದವ್ರು, ಅವ್ರು ಹೇಳಿದ್ದು ಖರೇನ ಇರಬೇಕ್ರಿ. ಗುಂಡಿ ಅಂದಮ್ಯಾಲೆ ದನಾ ಕರಾ ಬೀಳ್ತಾವ. ಕಾರ್ಖಾನಿ ಗ್ವಾಡಿ ಮಗ್ಗಲಕ ಆ ಗುಂಡಿಗೆ ಮಣ್ಣು ಹಾಕಿ ಮುಚ್ಚಾಕ ಅಪ್ಪಣಿ ಕೊಡ್ರಿ."

ವಕೀಲರು ಹೌಹಾರಿದರು. "ಮುಚ್ಚುವುದೇ! ಹರಿದು ಬರುವ ನೀರೆಲ್ಲ ನಮ್ಮ ಕಾರ್ಖಾನೆಗೇ ನುಗ್ಗುತ್ತದಲ್ಲ!"

"ಹರಿದು ಬರುವ ನೀರೇ?" ಎಂದರು ನ್ಯಾಯಾಧೀಶರು.

ಕೋರ್ಟು ಗೊಳ್ಳೆಂದಿತು. ಹೊಲಸು ಬಿಡಬಾರದೆಂದು ಅಂದೇ ಆಜ್ಞೆಯಾಯಿತು.

ಹೊರಗೆ ಫಕೀರವ್ವ ಆ ವಕೀಲರಿಗೇ ಕೈಮುಗಿದಳು, ಕಣ್ಣು ತುಂಬಿತ್ತು. "ನನಗ ವಕೀಲ್ರು ಇರಲಿಲ್ರಿ ಯಪ್ಪಾ. ನೀವ ನಿಂತು ಗೆಲ್ಲಿಸಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ!"