ಕಾಡಿಗೆಯ ರುಜು

"ಕಳ್ಳ ರುಜು!" ಎಂದ ನರಸೋಪಂತ, ಕಾಗದವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು.

ಬೋರನಗಡದ ದರ್ಬಾರಿನಲ್ಲಿ ಎಲ್ಲರೂ ಕತ್ತು ಉದ್ದ ಮಾಡಿದರು. ಕಾಗದ ತಂದಿದ್ದ ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೋಳಿ ಸಾಕಿ ಬದುಕುವ ಮುದುಕಿ ಅವಳು.

ದೊರೆ ಜಡೆಮಲ್ಲನಾಯಕನಿಗೆ ರುಜು ಕೂಡಿಸುವ ಹುಚ್ಚು. ರಾಜರು, ಜಟ್ಟಿಗಳು, ವೈದ್ಯರು, ಹೆಸರುವಾಸಿ ಅಡುಗೆಯವರು, ಯಾರು ಸಿಕ್ಕರೂ ಕಾಗದ ಮುಂದೆ ಒಡ್ಡುವನು. ಸೊಂಟದಲ್ಲಿ ಕತ್ತಿ ಮರೆತರೂ ಖಾಲಿ ಕಾಗದದ ಸುರುಳಿ ಮರೆಯುತ್ತಿರಲಿಲ್ಲ. ಕೂಡಿಟ್ಟ ರುಜುಗಳಲ್ಲಿ ಉತ್ತಮ ಯಾವುದು, ಅಧಮ ಯಾವುದು ಎಂದು ಆರಿಸಲು ದೂರದಿಂದ ಪಂತನನ್ನು ಕರೆಸಿದ್ದ.

ಪಂತ ಬಂದವನೇ ಜಂಬ ಕೊಚ್ಚಿದ್ದ. "ಮಹಾಸ್ವಾಮಿ, ರುಜು ನೋಡಿದರೆ ಸಾಕು, ಹಾಕಿದವನು ಅಂದು ಏನು ಉಂಡಿದ್ದ ಎಂದು ಹೇಳಬಲ್ಲೆ."

ದೊರೆ ಉಬ್ಬಿಹೋದ. ಡಂಗುರ ಹೊಡೆಸಿದ. ನನ್ನ ರುಜು ಇರುವ ಕಾಗದ ಯಾರ ಹತ್ತಿರ ಇದ್ದರೂ ತಂದು ತೋರಿಸಿ. ಸುಳ್ಳಾದರೆ ಆ ರುಜುವಿನಿಂದ ಬಂದದ್ದೆಲ್ಲ ಅರಮನೆಗೆ ವಾಪಸು.

ತಿಪ್ಪವ್ವನ ಕಾಗದದಲ್ಲಿದ್ದದ್ದು ಒಂದೇ ಸಾಲು. 'ಕೆರೆ ಹಿಂದಿನ ತೋಟ ತಿಪ್ಪವ್ವನದು.' ಕೆಳಗೆ ರುಜು. ಅವಳ ಗುಡಿಸಲು, ಕೋಳಿ, ನುಗ್ಗೆಮರ ಎಲ್ಲ ಇದ್ದದ್ದು ಆ ತೋಟದಲ್ಲೇ.

"ಯಾರು ಕೊಟ್ಟರು ಇದನ್ನ?" ಪಂತ ಕೇಳಿದ.

"ದೊರೆಗಳೇ ಕೊಟ್ಟಿದ್ದು."

"ಯಾವಾಗ? ಯಾಕೆ?"

"ಹೇಳಂಗಿಲ್ಲ. ಮಾತು ಕೊಟ್ಟೀನಿ."

"ಯಾರಿಗೆ?"

"ಅದನ್ನೂ ಹೇಳಂಗಿಲ್ಲ."

ದೊರೆ ಚಾವಣಿ ನೋಡತೊಡಗಿದ.

ಆಸ್ಥಾನದ ಜಾಣ ಕೊಟ್ರಯ್ಯನೂ ಚಾವಣಿ ನೋಡಿದ. ಅಲ್ಲಿ ಜೇಡರ ಬಲೆ ಬಿಟ್ಟು ಏನೂ ಇರಲಿಲ್ಲ. ಅವನು ಎದ್ದು ಬಂದ.

"ಪಂತರೇ, ಇದರ ದೋಷ ಏನೇನು?"

"ಒಂದೇ ಎರಡೇ? ಶಾಯಿಯಲ್ಲ, ಕಣ್ಣಿಗೆ ಹಚ್ಚುವ ಕಾಡಿಗೆ. ಲೇಖನಿಯಲ್ಲ, ಕೋಳಿಗರಿ. ಅದರ ಎಳೆ ಅಂಟಿಯೇ ಇದೆ. ಕಾಗದದ ತುಂಬ ಬುಟ್ಟಿಯ ಹೆಣಿಗೆ ಒತ್ತಿದ ಗುರುತು. ಮೂಲೆಯಲ್ಲಿ ಹಿಕ್ಕೆ. ಅಕ್ಷರವೋ, ಚಳಿಜ್ವರ ಬಂದ ಹಾಗೆ ನಡುಗಿದೆ. ಅರಮನೆಯ ರುಜು ನೋಡಿ, ಮುತ್ತು ಪೋಣಿಸಿದಂತೆ! ನಮ್ಮ ದೊರೆ ಸಿಂಹ. ಸಿಂಹದ ಕೈ ನಡುಗುತ್ತದೆಯೇ?"

"ನಡುಗುವುದಿಲ್ಲ" ಎಂದ ದೊರೆ, ಚಾವಣಿಗೆ.

ಕೊಟ್ರಯ್ಯ ಕಾಗದ ಇಸಕೊಂಡು ನೋಡಿದ. ಕಾಡಿಗೆ, ಗರಿ, ಬುಟ್ಟಿ, ನಡುಕ. ಅವನಿಗೆ ಮೂರು ವರ್ಷದ ಹಿಂದಿನ ಒಂದು ದಿನ ನೆನಪಾಯಿತು. ಜಟ್ಟಿಯೊಬ್ಬನ ರುಜು ತರುತ್ತೇನೆಂದು ದೊರೆ ಒಂಟಿಯಾಗಿ ಹೋಗಿದ್ದ. ರುಜು ತರಲಿಲ್ಲ. ಪೇಟದಲ್ಲಿ ಕೋಳಿಪುಕ್ಕ ಸಿಕ್ಕಿಸಿಕೊಂಡು ಬಂದ. ಬಂದವನೇ, ಊರಲ್ಲಿ ಹೋರಿ ಬಿಡಕೂಡದು, ಕಟ್ಟಿಹಾಕಿ ಎಂದು ಅಪ್ಪಣೆ ಹೊರಡಿಸಿದ. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಕೊಟ್ರಯ್ಯನಿಗೆ ಈಗ ತಿಳಿಯಿತು. ದೊರೆಯ ಮುಖ ನೋಡಿದ. ಮುದುಕಿಯ ತೋಟ ಹೋದರೆ ಹೋಗಲಿ, ನನ್ನ ಮಾನ ಉಳಿಯಲಿ ಎಂಬ ಮುಖ.

"ಪಂತರೇ, ಉಂಡು ಕೂತು ಹಾಕಿದ ರುಜುವನ್ನು ಓಡುವ ಕುದುರೆ ಮೇಲೆ ಹಾಕಿದ ರುಜುವಿಗೆ ಹೋಲಿಸಬಹುದೇ?"

"ಛೇ! ಕೂತದ್ದಕ್ಕೆ ಕೂತದ್ದು, ನಿಂತದ್ದಕ್ಕೆ ನಿಂತದ್ದು. ನಮ್ಮ ಕಸುಬಿನ ಮೊದಲ ಪಾಠವೇ ಅದು."

"ಮತ್ತೆ ಗರಿ, ಹಿಕ್ಕೆ, ಬುಟ್ಟಿಯ ಗುರುತು ಎಂದು ನೀವೇ ಹೇಳಿದಿರಿ, ಅಂದರೆ ಇದು ಕೋಳಿಬುಟ್ಟಿಯೊಳಗೆ ಕೂತು ಹಾಕಿದ್ದು. ಹಾಗಾದರೆ ದೊರೆಗಳು ಕೋಳಿಬುಟ್ಟಿಯೊಳಗೆ ಕೂತು ಹಾಕಿದ ಇನ್ನೊಂದು ರುಜು ಬೇಕಲ್ಲ?"

ಪಂತ ಗಲ್ಲ ಕೆರೆದುಕೊಂಡ. "ನ್ಯಾಯ. ಬೇಕೇ ಬೇಕು."

"ಕೊಟ್ರಯ್ಯ!" ದೊರೆ ಗದರಿದ. "ನಾನು ಬುಟ್ಟಿಯೊಳಗೆ?"

"ಶಾಸ್ತ್ರಕ್ಕೆ, ಪ್ರಭು. ಒಂದು ಗಳಿಗೆ. ಅಂಜಿಕೆ ಇದ್ದರೆ ಬೇಡ."

ಅಂಜಿಕೆ ಎಂದ ಮೇಲೆ ದೊರೆ ಸುಮ್ಮನಿರುವಂತಿಲ್ಲ. ಸಿಂಹಾಸನದಿಂದ ಇಳಿದ. ಆಳುಗಳು ದೊಡ್ಡ ಬುಟ್ಟಿ ತಂದು ಕವುಚಿ ಹಾಕಿದರು. ಕಾಡಿಗೆ, ಗರಿ, ಕಾಗದ ಒಳಗೆ ಹೋದವು.

"ಎರಡು ಕೋಳಿಯೂ ಹೋಗಲಿ" ಎಂದ ಪಂತ. "ಪರೀಕ್ಷೆ ಎಂದ ಮೇಲೆ ಪೂರ್ತಿ ಇರಬೇಕು."

ಕೋಳಿಗಳೂ ಹೋದವು. ಒಳಗೆ ಸ್ವಲ್ಪ ಹೊತ್ತು ಜಗಳ ನಡೆಯಿತು. ಆಮೇಲೆ ಬುಟ್ಟಿಯಡಿಯಿಂದ ಕಾಗದ ಹೊರಬಂತು.

ಪಂತ ಭೂತಗನ್ನಡಿ ಹಿಡಿದ. "ಮುತ್ತು! ಇದೂ ಮುತ್ತು ಪೋಣಿಸಿದಂತೆಯೇ ಇದೆ. ಎಲ್ಲೂ ನಡುಗಿಲ್ಲ. ಆ ಕಾಗದ ಸುಳ್ಳೇ."

"ನಾನು ಹೇಳಲಿಲ್ಲವೇ!" ಎಂದಿತು ಬುಟ್ಟಿ.

ತಿಪ್ಪವ್ವ ಕಣ್ಣೊರೆಸಿಕೊಂಡಳು. ಕೊಟ್ಟ ಮಾತು ಮಾತ್ರ ಮುರಿಯಲಿಲ್ಲ.

"ಅವಸರ ಬೇಡ, ಪಂತರೇ. ಪರೀಕ್ಷೆ ಪೂರ್ತಿ ಇರಬೇಕು ಎಂದಿರಿ. ಇನ್ನೊಂದು ಬಾಕಿ ಇದೆ." ಕೊಟ್ರಯ್ಯ ಬಾಗಿಲ ಕಡೆ ತಿರುಗಿ ಕೂಗಿದ. "ಯಾರಲ್ಲಿ? ಗುಡಿಯ ಹೋರಿಯನ್ನು ಬಿಚ್ಚಿ ಒಳಗೆ ಬಿಡಿ!"

ಬುಟ್ಟಿ ಗಡಗಡ ನಡುಗಿತು. ಕೋಳಿಗಳು ಕಿರುಚಿದವು. ಅವಕ್ಕಿಂತ ಜೋರಾಗಿ ದೊರೆ ಕಿರುಚಿದ.

"ಬೇಡ! ಆ ರುಜು ನಂದು! ನಂದೇ! ತಿಪ್ಪವ್ವಾ, ಅವತ್ತು ಹೋರಿ ಅಟ್ಟಿಸಿಕೊಂಡು ಬಂದಾಗ ಹಿಡಿದ ಹಾಗೆ ಬುಟ್ಟಿ ಒತ್ತಿ ಹಿಡಿಯೇ!"

ತಿಪ್ಪವ್ವ ಓಡಿ ಹೋಗಿ ಬುಟ್ಟಿಯ ಮೇಲೆ ಕೂತಳು. ರೂಢಿ ಇದ್ದವಳಂತೆ ಕೂತಳು.

"ಈಗ ಹೇಳಬೌದಾ, ಬುದ್ಧಿ?"

"ಬೇಡ!" ಎಂದಿತು ಬುಟ್ಟಿ.

ಪಂತ ಹಳೆಯ ಕಾಗದವನ್ನು ಮತ್ತೆ ಕಣ್ಣಿಗೆ ಹಿಡಿದ. ಗಂಟಲು ಸರಿಮಾಡಿಕೊಂಡ.

"ಬೆಳಕಲ್ಲಿ ನೋಡಿದರೆ, ಮಹಾಸ್ವಾಮಿ, ಉತ್ತಮೋತ್ತಮ. ಹಿಕ್ಕೆ ಕೂಡ ಅಸಲಿ."

ಹೋರಿ ಬರಲಿಲ್ಲ. ಕೊಟ್ರಯ್ಯ ಕೂಗಿದ ಬಾಗಿಲಲ್ಲಿ ಯಾರೂ ಇರಲೇ ಇಲ್ಲ. ದೊರೆ ಹೊರಬಂದ. ಮೀಸೆಯಲ್ಲಿ ಪುಕ್ಕ. ದರ್ಬಾರು ತುಟಿ ಕಚ್ಚಿಕೊಂಡು ನಿಂತಿತ್ತು. ಕೊಟ್ರಯ್ಯನನ್ನು ದುರುಗುಟ್ಟಿ ನೋಡಿದ ದೊರೆ, ತಾನೇ ಮೊದಲು ನಕ್ಕುಬಿಟ್ಟ.

ತೋಟ ತಿಪ್ಪವ್ವನಿಗೇ ಉಳಿಯಿತು.