ಹನ್ನೊಂದು ಗಂಟೆಯ ಕಾಯಿಲೆ

ನಮ್ಮೂರ ವಾಚನಾಲಯದ ಗುಮಾಸ್ತೆ ದಾಕ್ಷಾಯಣಮ್ಮನಿಗೆ ಕಂಪ್ಯೂಟರ್ ರಿಪೇರಿಯ ಹುಚ್ಚು. ಗುಜರಿಗೆ ಹೊರಟಿದ್ದ ಸಾಮಾನು ಜೋಡಿಸಿ, ಪುಸ್ತಕಗಳ ಪಟ್ಟಿಗೆಂದು ತಾವೇ ಒಂದು ಸರ್ವರ್ ಮಾಡಿದ್ದರು. ಆದರೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅದು ನಿಂತುಹೋಗುತ್ತಿತ್ತು.

"ಶನಿವಾರದೊಳಗೆ ಸರಿಹೋಗದಿದ್ದರೆ ಈ ಡಬ್ಬ ಗುಜರಿಗೆ!" ಕಾರ್ಯದರ್ಶಿ ಅನಂತರಾಮಯ್ಯ ಗುಡುಗಿದರು.

ಮರುದಿನ ಹನ್ನೊಂದಕ್ಕೆ ದಾಕ್ಷಾಯಣಮ್ಮ ಬಾಗಿಲ ಸಂದಿಯಿಂದ ಇಣುಕಿದರು. ಅನಂತರಾಮಯ್ಯನವರೇ ಬಂದು, ಯಾವುದರದೆಂದೂ ನೋಡದೆ ಸರ್ವರಿನ ಪ್ಲಗ್ ಕಿತ್ತು, ಕಾಫಿಗೆ ನೀರು ಕಾಯಿಸುವ ಕೆಟಲ್ ಸಿಕ್ಕಿಸಿದರು!

ಹೇಳಿದರೆ ಕೇಳುವ ಆಸಾಮಿಯಲ್ಲ. ಸಂಜೆ ದಾಕ್ಷಾಯಣಮ್ಮ ಅಲ್ಲೇ ಗೋಡೆಗೆ ಗಣಪತಿ ಪಟ ಹಾಕಿ, ಮುಂದೆ ಪುಟ್ಟ ಕರೆಂಟ್ ದೀಪ ಇಟ್ಟರು. ಸರ್ವರ್‌ಗೂ ದೀಪಕ್ಕೂ ಒಂದೇ ಪ್ಲಗ್.

ಮರುದಿನ ಕಾರ್ಯದರ್ಶಿಗಳು ಪ್ಲಗ್ಗಿಗೆ ಕೈ ಹಾಕಿದರು. ದೇವರ ದೀಪ ಮಿಣುಕಿತು. ಗಾಬರಿಯಿಂದ ಕೈ ತೆಗೆದು, ಗಲ್ಲಗಲ್ಲ ಬಡಿದುಕೊಂಡು, ಕಾಫಿಗೆ ಎದುರಿನ ಹೋಟೆಲಿಗೆ ನಡೆದರು.

ತಿಂಗಳು ಕಳೆಯಿತು. ವಾಚನಾಲಯದಲ್ಲೇ ನಡೆದ ಸಭೆಯಲ್ಲಿ ಕಾರ್ಯದರ್ಶಿಗಳು ಹಿಗ್ಗಿ ಕೇಳಿದರು: "ಸರ್ವರ್ ಒಂದು ದಿನವೂ ನಿಂತಿಲ್ಲವಲ್ಲ! ಏನು ರಿಪೇರಿ ಮಾಡಿದಿರಿ ದಾಕ್ಷಾಯಣಮ್ಮ?"

"ನಾನೇನೂ ಮಾಡಲಿಲ್ಲ ಸಾರ್. ನೀವು ಹೋಟೆಲ್ ಕಾಫಿ ಶುರು ಮಾಡಿದ ಮೇಲೆ ತಾನಾಗೇ ಸರಿಹೋಯ್ತು."

ಅನಂತರಾಮಯ್ಯ ದೀಪ ನೋಡಿದರು, ಪ್ಲಗ್ ನೋಡಿದರು. ಮರುದಿನ ಹನ್ನೊಂದಕ್ಕೆ ಹೋಟೆಲಿನಿಂದ ದಾಕ್ಷಾಯಣಮ್ಮನ ಮೇಜಿಗೂ ಒಂದು ಲೋಟ ಬಿಸಿ ಕಾಫಿ ಬಂತು.