ಸುತ್ತಿಗೆಗೆ ಹೆದರಿದ ಚಾಸಿ

ಹಳೆಯ ಕಾರೊಂದನ್ನು ಬಿಚ್ಚಿ, ಅದರ ಭಾರ ಹೊರುವ ಚಾಸಿಯನ್ನು ಗ್ಯಾರೇಜಿನ ಅಂಗಳದಲ್ಲಿ ಬೋರಲು ಹಾಕಿದ್ದರು. ಮೇಸ್ತ್ರಿ ಮರಿಸ್ವಾಮಿ ತುಕ್ಕು ಕೆರೆದು ಮುಗಿಸಿ, ಬಣ್ಣ ಬಳಿಯುವ ಮುಂಚೆ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡುತ್ತಿದ್ದ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತಿತ್ತು. ಸದ್ದು ಚಾಸಿಯ ಹಿಂಭಾಗದತ್ತ ಹತ್ತಿರವಾಗುತ್ತಿತ್ತು. ಅದರ ಹಿಂದಿನ ಮೂಲೆ ತುಕ್ಕು ತಿಂದು ಒಳಗೊಳಗೇ ಟೊಳ್ಳಾಗಿತ್ತು.

“ಸುತ್ತಿಗೆಯಣ್ಣಾ, ಆ ಮೂಲೆಯೊಂದನ್ನು ಬಿಟ್ಟುಬಿಡು. ತೂತು ಬಿದ್ದರೆ ನನ್ನನ್ನು ಗುಜರಿಗೆ ಹಾಕುತ್ತಾರೆ.”

“ತೂತು ಬಿದ್ದರೆ ಅಷ್ಟು ಭಾಗ ಕೊಯ್ದು ಹೊಸ ತಗಡು ವೆಲ್ಡ್ ಮಾಡುತ್ತಾರೆ, ಅಷ್ಟೇ.”

“ಬೇಡಣ್ಣಾ. ಆಯುಧ ಪೂಜೆ ಹತ್ತಿರ ಬಂತು. ಪೂಜೆ ಮಾಡಿಸಿಕೊಳ್ಳುವ ದೊಡ್ಡವನು ನೀನು. ದಮ್ಮಯ್ಯ, ನನ್ನ ಮಾನ ಕಾಪಾಡು.”

ದೊಡ್ಡವನು ಎಂದದ್ದಕ್ಕೆ ಸುತ್ತಿಗೆ ಉಬ್ಬಿತು. ಮೂಲೆಯನ್ನು ತಪ್ಪಿಸಿ ಪಕ್ಕಕ್ಕೆ ಬಿತ್ತು. ಠಣ್!

“ಎಲ್ಲಾ ಗಟ್ಟಿಯಾಗೈತೆ,” ಎಂದ ಮರಿಸ್ವಾಮಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಬಣ್ಣ ಹೊಡೆದ.

ಹಬ್ಬದ ದಿನ, ಮತ್ತೆ ಜೋಡಿಸಿದ ಕಾರು ಗ್ಯಾರೇಜಿನ ಅಂಗಳದಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಕಾರಿನ ಮಾಲೀಕರು ಮಕ್ಕಳನ್ನು ಹತ್ತಿಸಿಕೊಂಡರು. ಆಗ ಮೂಲೆಯೊಳಗಿಂದ ತುಕ್ಕು ಮಾತಾಡಿತು: “ಒಳ್ಳೆಯ ಕೆಲಸ ಮಾಡಿದೆ. ಇನ್ನು ನನ್ನನ್ನು ಯಾರೂ ಹುಡುಕುವುದಿಲ್ಲ. ನೆಮ್ಮದಿಯಾಗಿ ತಿನ್ನುತ್ತೇನೆ.”

ಚಾಸಿ ಚೀರಿತು: “ಸುತ್ತಿಗೆಯಣ್ಣಾ, ಹೊಡಿ! ಈಗಲೇ ಹೊಡಿ!”

ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದ ಸುತ್ತಿಗೆ ತಗ್ಗಿದ ದನಿಯಲ್ಲಿ ಹೇಳಿತು: “ಇವತ್ತು ನನಗೆ ಪೂಜೆ, ತಮ್ಮಾ. ಯಾರೂ ನನ್ನನ್ನು ಕೈಗೆತ್ತಿಕೊಳ್ಳುವ ಹಾಗಿಲ್ಲ.”

ಚಕ್ರದಡಿ ನಿಂಬೆಹಣ್ಣು ಒಡೆಯಿತು. ಕಾರು ಹೊರಟಿತು.